ರಂಗಂಪೇಟೆಯಿಂದ ಕಳಿಸಿದ ಬೇರು, ಉಮ್ಮನ ಬಿಪಿ

ನಾವು ರಂಗಂಪೇಟೆಗೆ ಬಂದ ಮೊದಲ ವರ್ಷವೇ ನಮ್ಮ ಗಂಟಲು ಕೈಕೊಟ್ಟಿತು. ಯಾದಗಿರಿ ಜಿಲ್ಲೆಯ ಸುರಪುರಕ್ಕೆ ಅಂಟಿಕೊಂಡೇ ಇರುವ ಊರು ರಂಗಂಪೇಟೆ. ಮಂಗಳೂರಿನಲ್ಲಿ ಸಂಜೆ ಬಸ್ಸು ಹತ್ತಿದರೆ ರಾತ್ರಿಯಿಡೀ ಪ್ರಯಾಣ, ಬೆಳಗಾದ ಮೇಲೆ ಇನ್ನೊಂದು ಬಸ್ಸು. ಕರಾವಳಿಯ ಹಸಿಗಾಳಿಯಲ್ಲಿ ಬೆಳೆದ ನಮಗೆ ಇಲ್ಲಿನ ಒಣಗಾಳಿ, ಧೂಳು, ಮಾರ್ಚ್ ತಿಂಗಳಲ್ಲೇ ಶುರುವಾಗುವ ಬಿಸಿಲು ಎಲ್ಲ ಹೊಸದು. ಮದ್ರಸದಲ್ಲಿ ಐವತ್ತಕ್ಕಿಂತ ಹೆಚ್ಚು ಮಕ್ಕಳು. ಒಬ್ಬನಿಗೆ ಮಖ್ರಜ್ ತಿದ್ದುವಷ್ಟರಲ್ಲಿ ಉಳಿದವರ ಗದ್ದಲ, ಅದರ ಮೇಲೆ ನಮ್ಮ ದನಿ ಏರಬೇಕು. ಅಸರ್ ಹೊತ್ತಿಗೆ ನಮ್ಮ ಬಾಯಿಂದ ಬರೀ ಗಾಳಿ ಬರುತ್ತಿತ್ತು.

ಊರಲ್ಲಿ ನಮ್ಮನ್ನು ಉಸ್ತಾದ್ ಎನ್ನುತ್ತಾರೆ, ಇಲ್ಲಿ ಹಜ್ರತ್. ಹಜ್ರತ್‌ರ ದನಿ ಹೋಗಿದೆ ಎಂಬ ಸುದ್ದಿ ಒಬ್ಬ ಹುಡುಗನಿಂದ ಬಜಾರಿನ ಅತ್ತಾರ್ ಅಂಗಡಿಗೆ ಮುಟ್ಟಿತು. ಮರುದಿನ ಆ ದಾರಿಯಲ್ಲಿ ಹೋಗುವಾಗ ಅಂಗಡಿಯ ಹಿರಿಯರು ಕರೆದು, ಒಂದು ಡಬ್ಬಿಯಿಂದ ಬೆರಳಿನಷ್ಟು ದಪ್ಪದ ಒಣ ಬೇರು ತೆಗೆದು, ಇಕ್ಕಳದಲ್ಲಿ ತುಂಡು ಮಾಡಿ ಕೊಟ್ಟರು. "ಬಾಯಾಗ ಇಟ್ಕೊಂಡು ಸಾವಕಾಶ ಜಗೀರಿ ಹಜ್ರತ್. ನುಂಗಬ್ಯಾಡ್ರಿ, ನಾರು ಅದ. ಗಂಟಲಾ ಬಿಚ್ಕೊಂತದ."

ಮೊದಲು ಮರದ ಚೂರು ಅಗಿದಂತೆ ಅನಿಸಿತು. ಆಮೇಲೆ ಸಿಹಿ ಶುರುವಾಯಿತು ನೋಡಿ, ಸಕ್ಕರೆಯ ಸಿಹಿ ಅಲ್ಲ. ತಡವಾಗಿ ಬಂದು, ನಾಲಿಗೆಯ ಹಿಂಬದಿಯಲ್ಲಿ ಕೂತು, ನೀರು ಕುಡಿದರೂ ಹೋಗದ ಸಿಹಿ. ಗಂಟಲಲ್ಲಿ ಎಣ್ಣೆ ಸವರಿದ ಹಾಗೆ ಆಯಿತು. ಮಗ್ರಿಬ್‌ಗೆ ನಮ್ಮ ಕಿರಾಅತ್ ಹಿಂದಿನ ಸಫ್‌ಗೂ ಕೇಳಿಸಿತಂತೆ. ಅವತ್ತಿನಿಂದ ನಮ್ಮ ಜುಬ್ಬಾದ ಜೇಬಿನಲ್ಲಿ ಆ ಬೇರಿನ ಒಂದು ತುಂಡು ಇಲ್ಲದ ದಿನವಿಲ್ಲ.

ಇಲ್ಲಿಯವರು ಅದನ್ನು ಮುಲ್ಹಟ್ಟಿ ಎನ್ನುತ್ತಾರೆ. ಹೆಸರು ಹೊಸದೆನಿಸಿದರೂ ಬೇರು ನಮಗೆ ಹೊಸದಲ್ಲ. ನಮ್ಮ ಕಡೆಯ ಗ್ರಂಧಿಗೆ ಅಂಗಡಿಯಲ್ಲಿ ಕಷಾಯದ ಸಾಮಾನು ಕೇಳಿದರೆ ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಹಿಪ್ಪಲಿ, ಒಣಶುಂಠಿಯ ಜೊತೆ ಕಟ್ಟಿಕೊಡುತ್ತಾರಲ್ಲ, ಆ ಜೇಷ್ಠಮಧು ಇದೇ. ಯಷ್ಟಿಮಧು, ಅತಿಮಧುರ ಎಂದೂ ಹೇಳುವುದುಂಟು. ಕಾಸರಗೋಡು ಕಡೆಯವರಿಗೆ ಇರಟ್ಟಿಮಧುರ. ಯುನಾನಿ ಹಕೀಮರ ಚೀಟಿಯಲ್ಲಿ ಅಸ್ಲುಸ್ಸೂಸ್ ಎಂದಿರುತ್ತದೆ. ಅಸ್ಲ್ ಎಂದರೆ ಬೇರು, ಮೂಲ. ಮಕ್ಕಳು ಮುಂದೆ ಓದುವ ಉಸೂಲುಲ್ ಫಿಕ್‌ಹ್‌ನ 'ಉಸೂಲ್' ಈ ಅಸ್ಲ್‌ನದೇ ಬಹುವಚನ. ಅದೇ ಚೀಟಿಯಲ್ಲಿ ಕೆಲವೊಮ್ಮೆ 'ಮುಖಶ್ಶರ್' ಎಂಬ ಪದವೂ ಇರುತ್ತದೆ. ಕಿಶ್ರ್ ಎಂದರೆ ಸಿಪ್ಪೆ, ಮುಖಶ್ಶರ್ ಎಂದರೆ ಸಿಪ್ಪೆ ಹೆರೆದದ್ದು. ಹಳೆಯ ಹಕೀಮರು ಈ ಬೇರಿನ ಕಂದು ಸಿಪ್ಪೆಯನ್ನು ಹೆರೆದು ಒಳಗಿನ ಹಳದಿ ಭಾಗವನ್ನು ಮಾತ್ರ ಬಳಸುತ್ತಿದ್ದರು. ಇಷ್ಟು ಅರಬಿ ಗೊತ್ತಿದ್ದೂ ನಾವು ಸುಮಾರು ವರ್ಷ ಸಿಪ್ಪೆ ಸಮೇತ ಅಗಿಯುತ್ತಿದ್ದೆವು ಎಂಬುದು ಬೇರೆ ಮಾತು.

ಗಿಡ ನಮ್ಮ ನಾಡಿನದ್ದಲ್ಲ. ಮೆಡಿಟರೇನಿಯನ್ ತೀರದಿಂದ ಇರಾನ್, ಅಫ್ಘಾನಿಸ್ತಾನ, ಮಧ್ಯ ಏಷ್ಯಾದವರೆಗಿನ ಒಣನೆಲದಲ್ಲಿ ಬೆಳೆಯುವ, ಬಟಾಣಿ ಹಲಸಂದೆಯ ಕುಟುಂಬಕ್ಕೆ ಸೇರಿದ ಗಿಡ. ನಮ್ಮ ದೇಶದಲ್ಲಿ ಬಳಕೆಯಾಗುವುದರಲ್ಲಿ ಬಹುಪಾಲು ಹೊರಗಿನಿಂದ ಬರುವ ಸರಕು. "ನಮ್ಗ ಹೈದರಾಬಾದಿನ ಬೇಗಂ ಬಜಾರಿಂದ ಬರ್ತದ್ರಿ" ಅಂದರು ಅತ್ತಾರ್ ಹಿರಿಯರು. ಇದರಲ್ಲಿ ಆಶ್ಚರ್ಯವಿಲ್ಲ. ಸುರಪುರ ನಾಯಕರ ಸಂಸ್ಥಾನ. 1857-58ರ ದಂಗೆಯ ಕಾಲದಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ನಿಂತು ಸೋತ ಮೇಲೆ, 1860ರಲ್ಲಿ ಈ ಸೀಮೆಯನ್ನು ನಿಜಾಮನಿಗೆ ಕೊಟ್ಟರು. 1948ರವರೆಗೆ ಇದು ಹೈದರಾಬಾದಿನ ಆಳ್ವಿಕೆಯಲ್ಲಿದ್ದ ನೆಲ. ಯುನಾನಿಗೆ ನಿಜಾಮರ ಆಸರೆ ದೊಡ್ಡದಿತ್ತು. ಚಾರ್ಮಿನಾರ್ ಪಕ್ಕದ ನಿಜಾಮಿಯಾ ಆಸ್ಪತ್ರೆ ಇವತ್ತಿಗೂ ಇದೆ. ಅದಕ್ಕಿಂತ ಹಿಂದೆ ಹೋದರೆ, ಪಕ್ಕದ ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಪಾರ್ಸಿಯಲ್ಲಿ 'ದಸ್ತೂರುಲ್ ಅತಿಬ್ಬಾ' ಎಂಬ ವೈದ್ಯಗ್ರಂಥವನ್ನೂ ಬರೆದ. ಈ ಮಣ್ಣಿನ ಮದ್ದುಗಳನ್ನು ಪಾರ್ಸಿ ಓದುವವರಿಗೆ ತಿಳಿಸುವ ಕೆಲಸ ಅದು. ಹೀಗೆ ಎರಡೂ ಕಡೆಯ ಮದ್ದು ಬೆರೆತ ಸೀಮೆಯಲ್ಲಿ ಒಂದೇ ಡಬ್ಬಿಗೆ ಒಬ್ಬರು ಜೇಷ್ಠಮಧು ಎಂದೂ ಇನ್ನೊಬ್ಬರು ಮುಲ್ಹಟ್ಟಿ ಎಂದೂ ಕೇಳುತ್ತಾರೆ. ಅಂಗಡಿಯವರಿಗೆ ಎರಡೂ ಒಂದೇ.

ಇಲ್ಲಿಯ ಮನೆಗಳಲ್ಲಿ ಇದರ ಬಳಕೆ ನೋಡಿದ್ದೇವೆ. ಚಳಿಗಾಲದಲ್ಲಿ ನೆಗಡಿಯಾದರೆ ಜೋಶಾಂದಾ ಕುದಿಸುತ್ತಾರೆ. ಬನಫ್ಷಾ, ಉನ್ನಾಬ್, ಸಪಿಸ್ತಾನ್, ಖತ್ಮಿ ಇವುಗಳ ಜೊತೆಗೆ ಜಜ್ಜಿದ ಮುಲ್ಹಟ್ಟಿ. ಈ ಖತ್ಮಿಯ ಬೇರೂ ಲೋಳೆ ಬಿಟ್ಟು ಗಂಟಲಿಗೆ ತಂಪು ಕೊಡುವಂಥದ್ದೇ. ಒಣಕೆಮ್ಮಿಗೆ ನೆಕ್ಕುವ ಲಊಕ್ ಸಪಿಸ್ತಾನ್‌ನಲ್ಲೂ ಈ ಬೇರು ಇದೆ. ಬೇರನ್ನು ಕುದಿಸಿ ಗಟ್ಟಿ ಮಾಡಿದ ಕಪ್ಪು ಸತ್ವಕ್ಕೆ ರುಬ್ಬುಸ್ಸೂಸ್ ಎನ್ನುತ್ತಾರೆ. ವೀಳ್ಯದೆಲೆಗೆ ಇದರ ಪುಡಿ ಉದುರಿಸಿಕೊಳ್ಳುವವರೂ ಇದ್ದಾರೆ. ಚಹಾಕ್ಕೆ ಚಿಕ್ಕ ಚೂರು ಹಾಕಿದರೆ ಸಕ್ಕರೆ ಅರ್ಧ ಸಾಕು. ಇದರಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶ ಸಕ್ಕರೆಗಿಂತ ಸುಮಾರು 50 ಪಟ್ಟು ಸಿಹಿ. ಗ್ರೀಕರು ಇಟ್ಟ ಹೆಸರಿನ ಅರ್ಥವೇ ಸಿಹಿ ಬೇರು.

ಗಲ್ಫಿನಲ್ಲಿರುವ ನಮ್ಮ ಹುಡುಗರು ಈಜಿಪ್ಟಿನವರ ಜೊತೆ ಕೆಲಸ ಮಾಡಿದ್ದರೆ 'ಇರ್ಕ್ ಸೂಸ್' ಹೆಸರು ಕೇಳಿರುತ್ತಾರೆ. ಕೈರೋ, ದಮಾಸ್ಕಸ್ ಬೀದಿಗಳಲ್ಲಿ ರಮಳಾನಿನಲ್ಲಿ ದೊಡ್ಡ ಹೂಜಿ ಎದೆಗೆ ಕಟ್ಟಿಕೊಂಡು, ಹಿತ್ತಾಳೆ ತಟ್ಟೆ ಬಡಿಯುತ್ತಾ ಮಾರುವ ಕಪ್ಪು ಶರಬತ್ತು ಇದೇ ಬೇರಿನದು. ಟರ್ಕಿಯ ದಿಯಾರ್‌ಬಕಿರ್ ಕಡೆಯೂ ಇದೆ. ಯುರೋಪಿನವರು ಇದನ್ನು ಕಪ್ಪು ಮಿಠಾಯಿ ಮಾಡಿ ತಿನ್ನುತ್ತಾರೆ. ಇನ್ನೂ ಒಂದು ಸಂಗತಿ ತಿಳಿದಾಗ ನಮಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಈ ಬೇರಿನ ಸತ್ವದ ದೊಡ್ಡ ಪಾಲು ಸಿಗರೇಟಿಗೆ, ಜಗಿಯುವ ತಂಬಾಕಿಗೆ ರುಚಿ ಕೊಡಲು ಹೋಗುತ್ತಿತ್ತು. ಗಂಟಲು ಕಾಯುವ ಬೇರು ಹೋಗಿ ಸೇರಿದ್ದು ಗಂಟಲು ಕೆಡಿಸುವವನ ಮನೆಗೆ!

ರಮಳಾನಿನ ಮಾತು ಬಂತಲ್ಲ, ಒಂದು ಮಸ್ಅಲ ಹೇಳಿಬಿಡುತ್ತೇವೆ. ಈ ಬೇರಿನ ತುದಿ ಜಜ್ಜಿ ಮಿಸ್ವಾಕ್ ಮಾಡುವವರಿದ್ದಾರೆ. ಇಲ್ಲಿಯ ಹನಫಿಗಳು ಉಪವಾಸದ ದಿನ ಸಂಜೆಯವರೆಗೂ ಮಿಸ್ವಾಕ್ ಮಾಡುತ್ತಾರೆ. ನಮ್ಮ ಶಾಫಿ ಮದ್‌ಹಬಿನಲ್ಲಿ ನೋಂಬಿನ ದಿನ ಝವಾಲ್ ಕಳೆದ ಮೇಲೆ ಅದು ಕರಾಹತ್. ಆದರೆ ಎರಡೂ ಕಡೆಯವರಿಗೆ ಸೇರಿದ ಮಾತೆಂದರೆ, ಇದು ಬೇವಿನ ಕಡ್ಡಿಯಲ್ಲ. ಸಿಹಿ ರಸ ಬಿಡುತ್ತದೆ. ಆ ರಸ ಗಂಟಲಿಗಿಳಿದರೆ ನೋಂಬು ಉಳಿಯುವುದಿಲ್ಲ.

ಈಗ ಉಮ್ಮನ ವಿಷಯ.

ಒಂದು ಬಕ್ರೀದ್ ರಜೆಗೆ ಊರಿಗೆ ಹೋಗುವಾಗ ನಾವು ಅತ್ತಾರ್ ಅಂಗಡಿಯಿಂದ ಅರ್ಧ ಕಿಲೋ ಬೇರು, ಅಷ್ಟೇ ಪುಡಿ ಕಟ್ಟಿಸಿಕೊಂಡು ಹೋದೆವು. ಊರಿಗೆ ಬರಿಗೈಯಲ್ಲಿ ಹೋಗುವುದು ಹೇಗೆ? ಉಮ್ಮನಿಗೆ ಮಳೆಗಾಲದಲ್ಲಿ ಕೆಮ್ಮು ಬರುವುದು ನಮಗೆ ಗೊತ್ತು. "ಇದು ನಮ್ಮ ಗಂಟಲನ್ನೇ ಉಳಿಸಿದ ಬೇರು, ದಿನಾ ಕುಡಿಯಿರಿ ಉಮ್ಮಾ" ಎಂದು ಹೇಳಿ ಕೊಟ್ಟೆವು. ಆ 'ದಿನಾ' ಎಂಬ ಪದ ಹೇಳಿದವರು ನಾವೇ. ಅದನ್ನು ಇಲ್ಲಿ ಬರೆಯಲೇಬೇಕು.

ಉಮ್ಮ ಹೇಳಿದ ಮಾತು ಮೀರುವವರಲ್ಲ. ಬೆಳಿಗ್ಗೆ ಒಂದು ಚಮಚ, ರಾತ್ರಿ ಒಂದು ಚಮಚ ಪುಡಿ ಹಾಕಿ ಕುದಿಸಿ ಕುಡಿದರು. ಕೆಮ್ಮು ವಾರದಲ್ಲಿ ಹೋಯಿತು, ಕಷಾಯ ನಿಲ್ಲಲಿಲ್ಲ. ರುಚಿ ಹಿಡಿಸಿತ್ತು. ಸಕ್ಕರೆ ಹಾಕದೆ ಸಿಹಿ ಸಿಗುತ್ತದೆ ಎಂಬ ಸಮಾಧಾನ ಬೇರೆ. ಅಕ್ಕಪಕ್ಕದ ಮನೆಯವರಿಗೂ ಕೊಟ್ಟರು. ಏಳನೇ ವಾರಕ್ಕೆ ತಂಗಿಯ ಫೋನು ಬಂತು. ಉಮ್ಮನ ಕಾಲು ಊದಿದೆ, ಚಪ್ಪಲಿ ಹೋಗುತ್ತಿಲ್ಲ, ಮೆಟ್ಟಿಲು ಹತ್ತಲು ಕಾಲಲ್ಲಿ ಶಕ್ತಿಯಿಲ್ಲ, ತಲೆ ಸಿಡಿಯುತ್ತದಂತೆ. ಡಾಕ್ಟರರ ಹತ್ತಿರ ಹೋದರೆ ಬಿಪಿ 190. ಎಷ್ಟೋ ವರ್ಷದಿಂದ ಮಾತ್ರೆ ತಪ್ಪಿಸದವರು ಅವರು, 140 ದಾಟುತ್ತಿರಲಿಲ್ಲ. ಡಾಕ್ಟರರು ಮಾತ್ರೆ ಹೆಚ್ಚಿಸಿದರು. ಬಿಪಿ ಇಳಿಯಲಿಲ್ಲ. ಇನ್ನೊಂದು ಮಾತ್ರೆ ಸೇರಿಸಿದರು. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದಾಗ ಪೊಟ್ಯಾಸಿಯಂ 2.9. ಅದು 3.5ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಸ್ನಾಯು ಸೋಲುತ್ತದೆ, ಇನ್ನೂ ಇಳಿದರೆ ಎದೆಬಡಿತವೇ ತಪ್ಪುತ್ತದೆ.

ಆಸ್ಪತ್ರೆಗೆ ಸೇರಿಸಿದ ಎರಡನೇ ದಿನ ಒಬ್ಬರು ಕಿರಿಯ ಡಾಕ್ಟರ್ ಬಂದು ಮಂಚದ ಪಕ್ಕ ಕೂತು ಕೇಳಿದರಂತೆ: "ಮನೆಯಲ್ಲಿ ಬೇರೆ ಏನಾದರೂ ಕುಡಿಯುತ್ತೀರಾ ಅಮ್ಮ, ಕಷಾಯ ಗಿಷಾಯ?" ಉಮ್ಮ ಇಲ್ಲ ಅಂದರು. ತಂಗಿಯೂ ಇಲ್ಲ ಅಂದಳು. ಸುಳ್ಳು ಹೇಳಬೇಕೆಂದಲ್ಲ. ಅವರ ಲೆಕ್ಕದಲ್ಲಿ ಮಗ ತಂದುಕೊಟ್ಟ ಬೇರು ಮದ್ದಿನ ಪಟ್ಟಿಗೇ ಬರುವುದಿಲ್ಲ. ಆ ಡಾಕ್ಟರ್ ಬಿಡಲಿಲ್ಲ. "ಸಿಹಿಯಾದ ಬೇರು ಏನಾದರೂ?" ಎಂದು ಮತ್ತೆ ಕೇಳಿದಾಗ ತಂಗಿಗೆ ಹೊಳೆಯಿತು. ಅವತ್ತು ರಾತ್ರಿ ಉಮ್ಮ ಫೋನಿನಲ್ಲಿ ನಮಗೇ ಸಮಾಧಾನ ಹೇಳಿದರು: "ನೀನು ಬೇಜಾರು ಮಾಡಬೇಡ ಮೋನೆ, ಬೇರು ಒಳ್ಳೆಯದೇ. ನಾನೇ ಜಾಸ್ತಿ ಕುಡಿದೆ." ನಮಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ನಾವು ಓದಿ, ತಿಳಿದವರನ್ನು ಕೇಳಿ ತಿಳಿದುಕೊಂಡದ್ದು ಇಷ್ಟು. ನಮ್ಮ ದೇಹದಲ್ಲೇ ಕಾರ್ಟಿಸೋಲ್ ಎಂಬ ಹಾರ್ಮೋನು ಇದೆ. ಕಿಡ್ನಿಯ ಹತ್ತಿರ ಬಂದಾಗ ಅದನ್ನು ತಟಸ್ಥ ಮಾಡಲು ಒಂದು ಕಿಣ್ವ ಕಾವಲು ಕೂತಿರುತ್ತದೆ. ಜೇಷ್ಠಮಧುವಿನ ಗ್ಲಿಸಿರೈಜಿನ್ ಆ ಕಾವಲುಗಾರನ ಕೈ ಕಟ್ಟಿಬಿಡುತ್ತದೆ. ಆಗ ಕಿಡ್ನಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಹೊರಗೆ ಬಿಡುತ್ತದೆ. ಕಾಲು ಊದುವುದು, ಬಿಪಿ ಏರುವುದು, ಸುಸ್ತು ಎಲ್ಲ ಅದರಿಂದಲೇ. ನಮ್ಮ ಉಮ್ಮ ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರು. ಆ ಮಾತ್ರೆಯೂ ಪೊಟ್ಯಾಸಿಯಂ ಕಳೆಯುವಂಥದ್ದು. ಎರಡೂ ಸೇರಿ ಹೀಗಾಯಿತು.

ಇದು ಹೊಸ ಸುದ್ದಿಯೂ ಅಲ್ಲ. 1940ರ ದಶಕದಲ್ಲಿ ಹಾಲೆಂಡಿನ ರೆವರ್ಸ್ ಎಂಬ ವೈದ್ಯರು ಹೊಟ್ಟೆಹುಣ್ಣಿನವರಿಗೆ ಈ ಬೇರಿನ ಸತ್ವ ಕೊಟ್ಟು ನೋಡಿದರು. ಹುಣ್ಣು ವಾಸಿಯಾಯಿತು. ಆದರೆ ಸುಮಾರು ಐದರಲ್ಲಿ ಒಬ್ಬರಿಗೆ ಮುಖ, ಕೈಕಾಲು ಊದಿಕೊಂಡವು. ಲಾಭವೂ ಅಪಾಯವೂ ಒಟ್ಟೊಟ್ಟಿಗೇ ಕಂಡ ಬೇರು ಇದು. 2020ರಲ್ಲಿ ಅಮೆರಿಕದ ಮಸಾಚುಸೆಟ್ಸ್‌ನಲ್ಲಿ 54 ವರ್ಷದ ಒಬ್ಬರು ಕೆಲವು ವಾರ ದಿನಕ್ಕೆ ಒಂದೂವರೆ ಪೊಟ್ಟಣದಷ್ಟು ಇದರ ಕಪ್ಪು ಮಿಠಾಯಿ ತಿಂದು, ಪೊಟ್ಯಾಸಿಯಂ ಕುಸಿದು, ಹೃದಯ ನಿಂತು ತೀರಿಕೊಂಡದ್ದು ವೈದ್ಯ ಪತ್ರಿಕೆಯಲ್ಲೇ ಬಂದಿದೆ. ಅದೇ 2020ರಲ್ಲಿ ನಮ್ಮಲ್ಲಿ ಕೊರೋನಾ ಭಯಕ್ಕೆ ಮನೆಮನೆಯಲ್ಲಿ ಕಷಾಯದ ಪಾತ್ರೆ ಒಲೆಯಿಂದ ಇಳಿಯುತ್ತಲೇ ಇರಲಿಲ್ಲ. ಆಗ ಆಯುಷ್ ಇಲಾಖೆ ಪರೀಕ್ಷೆಗೆ ಆರಿಸಿಕೊಂಡ ಮದ್ದುಗಳಲ್ಲಿ ಯಷ್ಟಿಮಧುವೂ ಇತ್ತು. ಪರೀಕ್ಷೆಗೆ ಆರಿಸಿಕೊಂಡದ್ದನ್ನು ನಮ್ಮ ಜನ ದಿನಾ ಕುಡಿಯಲು ಹೇಳಿದ್ದೆಂದು ತಿಳಿದುಕೊಂಡರು.

ಅಳತೆ ಎಷ್ಟು ಎಂದರೆ, 2003ರಲ್ಲಿ ಯುರೋಪಿನ ಆಹಾರ ಸಮಿತಿ ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ದಾಟಬಾರದು ಎಂದು ಹೇಳಿದೆ. ಬೇರಿನಲ್ಲಿ ಅದು ನೂರಕ್ಕೆ 2ರಿಂದ 9 ಭಾಗ ಇರುತ್ತದೆ. ನೂರಕ್ಕೆ 4 ಎಂದು ಹಿಡಿದರೆ ಎರಡೂವರೆ ಗ್ರಾಂ ಪುಡಿಯಲ್ಲೇ 100 ಮಿಲಿಗ್ರಾಂ ಆಯಿತು. ಅಂದರೆ ಹೆಚ್ಚುಕಡಿಮೆ ಒಂದು ಚಹಾ ಚಮಚ. ಉಮ್ಮ ಕುಡಿದದ್ದು ಅದರ ಎರಡರಷ್ಟು, ಏಳು ವಾರ. ಜರ್ಮನಿಯ ಗಿಡಮೂಲಿಕೆ ಆಯೋಗವಂತೂ ಡಾಕ್ಟರರನ್ನು ಕೇಳದೆ ನಾಲ್ಕರಿಂದ ಆರು ವಾರಕ್ಕಿಂತ ಹೆಚ್ಚು ಬಳಸಬಾರದು ಎಂದಿತ್ತು. ಬಸುರಿಯರು ಇದನ್ನು ದೂರ ಇಡಬೇಕು ಎಂದು ಫಿನ್‌ಲ್ಯಾಂಡಿನ ಆರೋಗ್ಯ ಇಲಾಖೆ ಹೇಳುತ್ತದೆ. ಬಾಣಂತಿ ಮದ್ದಿಗೆ, ಬಸುರಿಯ ಕಷಾಯಕ್ಕೆ ಕೈಗೆ ಬಂದಷ್ಟು ಬೇರು ಹಾಕುವ ನಮ್ಮ ಹಿರಿಯರು ಇದನ್ನು ಗಮನಿಸಬೇಕು. ಬಿಪಿ, ಕಿಡ್ನಿ ತೊಂದರೆ, ಹೃದಯದ ಮಾತ್ರೆ, ಮೂತ್ರದ ಮಾತ್ರೆ ಇರುವವರು ಡಾಕ್ಟರರನ್ನು ಕೇಳದೆ ಕುಡಿಯುವುದೇ ಬೇಡ.

ಹಾಗಾದರೆ ಬೇರನ್ನು ಬಿಸಾಡಬೇಕೇ? ನಾವು ಬಿಸಾಡಿಲ್ಲ. ಗಂಟಲಿಗೆ ಇದು ಕೆಲಸ ಮಾಡುತ್ತದೆ ಎಂಬುದು ಬರೀ ಅಜ್ಜಿಯರ ಮಾತಲ್ಲ. ಆಪರೇಷನ್ನಿಗೆ ಮುಂಚೆ ಗಂಟಲಿಗೆ ಕೊಳವೆ ಹಾಕುತ್ತಾರಲ್ಲ, ಆಮೇಲೆ ಎರಡು ದಿನ ಗಂಟಲು ಉರಿಯುತ್ತದೆ. 2009ರಲ್ಲಿ ಲಖನೌದ ವೈದ್ಯರು ಅರ್ಧ ಗ್ರಾಂ ಜೇಷ್ಠಮಧುವನ್ನು 30 ಮಿಲಿಲೀಟರ್ ನೀರಿನಲ್ಲಿ ಕಲಸಿ ರೋಗಿಗಳಿಗೆ ಅರಿವಳಿಕೆಗೆ ಮೊದಲು ಬಾಯಿ ಮುಕ್ಕಳಿಸಲು ಕೊಟ್ಟರು. ಬರೀ ನೀರು ಮುಕ್ಕಳಿಸಿದವರಿಗಿಂತ ಅವರಿಗೆ ಗಂಟಲು ನೋವು ಕಡಿಮೆಯಿತ್ತು. ಆಮೇಲೆ ವಿಯೆನ್ನಾದಲ್ಲಿ ಮಾಡಿದಾಗಲೂ ಹಾಗೇ ಆಯಿತು. ಗಮನಿಸಬೇಕಾದ್ದು, ಅವರು ಕುಡಿಸಲಿಲ್ಲ, ಮುಕ್ಕಳಿಸಿ ಉಗುಳಿಸಿದರು. ನೋವಿರುವುದು ಗಂಟಲಲ್ಲಿ, ಮದ್ದು ಕಿಡ್ನಿಯವರೆಗೆ ಯಾಕೆ ಹೋಗಬೇಕು?

ನಾವೀಗ ಅದನ್ನೇ ಮಾಡುತ್ತೇವೆ. ಸಣ್ಣ ಚೂರನ್ನು ಸಿಪ್ಪೆ ಹೆರೆದು, ಜಜ್ಜಿ, ಅರ್ಧ ಲೋಟ ನೀರಿನಲ್ಲಿ ಐದಾರು ನಿಮಿಷ ಕುದಿಸಿ, ಬೆಚ್ಚಗಾದ ಮೇಲೆ ಗಂಟಲವರೆಗೆ ಮುಕ್ಕಳಿಸಿ ಉಗುಳುವುದು. ಪಾಠದ ನಡುವೆ ಬಾಯಲ್ಲಿ ಇಟ್ಟುಕೊಳ್ಳುವ ತುಂಡು ಈಗ ಕಿರುಬೆರಳಿನ ಉಗುರಿನಷ್ಟು, ಅದೂ ಗಂಟಲು ಕಟ್ಟಿದ ದಿನ ಮಾತ್ರ. ನಮ್ಮಂಥ ಮುಅಲ್ಲಿಮರಿಗೆ, ಮುಅದ್ದಿನ್‌ಗಳಿಗೆ ಇನ್ನೊಂದು ಮಾತು. ದನಿ ಒಡೆದು ಮೂರು ವಾರವಾದರೂ ಸರಿಯಾಗದಿದ್ದರೆ ಬೇರು ಅಗಿಯುತ್ತಾ ಕೂರಬೇಡಿ, ಗಂಟಲಿನ ಡಾಕ್ಟರರಿಗೆ ತೋರಿಸಿ. ನೋವು ಮರೆಸುವ ಮದ್ದು ಕೆಲವೊಮ್ಮೆ ರೋಗವನ್ನೂ ಮರೆಸುತ್ತದೆ.

ಕೊಳ್ಳುವಾಗ ಪುಡಿ ಬೇಡ, ಬೇರನ್ನೇ ಕೊಳ್ಳಿ. ಪುಡಿಯಲ್ಲಿ ಏನು ಬೆರೆತಿದೆ ಎಂದು ಅಂಗಡಿಯವನಿಗೂ ಗೊತ್ತಿರುವುದಿಲ್ಲ. ಒಳ್ಳೆಯ ಬೇರು ಹೊರಗೆ ಕಂದು, ಒಳಗೆ ಹಳದಿ, ಮುರಿದರೆ ನಾರು ನಾರಾಗಿ ಒಡೆಯುತ್ತದೆ. ಗುಲಗಂಜಿಯ ಬೇರನ್ನು ಇದರ ಬದಲಿಗೆ ಮಾರುವುದುಂಟು. ಅದನ್ನು ಇಂಗ್ಲಿಷರು ಇಂಡಿಯನ್ ಲಿಕೊರಿಸ್ ಎಂದೇ ಕರೆದರು. ಅದಕ್ಕೂ ಸ್ವಲ್ಪ ಸಿಹಿ ಇದೆ, ಎಲೆಯನ್ನು ವೀಳ್ಯದ ಜೊತೆ ಹಾಕಿಕೊಳ್ಳುವವರೂ ಇದ್ದಾರೆ. ಆದರೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಆ ಕೆಂಪು ಕಪ್ಪು ಬೀಜ ಘೋರ ವಿಷ. ಅಂಥ ಗಿಡದ ಬೇರನ್ನು ಗೊತ್ತಿಲ್ಲದೆ ಕುದಿಸಿ ಕುಡಿಯುವುದು ಬೇಡ.

ಇನ್ನು 'ಸುನ್ನತ್ ಮದ್ದು' ಎಂದು ಚೀಟಿ ಅಂಟಿಸಿ ಇದನ್ನು ಮಾರುವವರನ್ನೂ ನೋಡಿದ್ದೇವೆ. ಜೇನು, ಕರಿಜೀರಿಗೆಯ ಬಗ್ಗೆ ಹದೀಸ್ ಇರುವಂತೆ ಈ ಬೇರಿನ ಬಗ್ಗೆ ಹದೀಸ್ ಇರುವುದು ನಾವು ಓದಿದ, ಓದಿಸಿದ ಕಿತಾಬುಗಳಲ್ಲಿ ಕಂಡಿಲ್ಲ. ಇಬ್ನು ಸೀನಾರಂಥ ಹಕೀಮರು ಬರೆದ ಮದ್ದು ಇದು. ಹಕೀಮರು ಪ್ರತಿ ಮದ್ದಿಗೂ ತೂಕ ಬರೆದಿದ್ದಾರೆ. ನಾವು ಮದ್ದನ್ನು ಉಳಿಸಿಕೊಂಡು ತೂಕ ಬಿಟ್ಟುಬಿಟ್ಟೆವು.

ಉಮ್ಮನ ಕಾಲಿನ ಊತ ಎರಡು ವಾರಕ್ಕೆ ಇಳಿಯಿತು. ಬಿಪಿ ಹಳೆಯ ಅಂಕಿಗೆ ಬರಲು ಇನ್ನೂ ಕೆಲವು ದಿನ ಹಿಡಿಯಿತು, ಹೆಚ್ಚಿಸಿದ ಮಾತ್ರೆಗಳನ್ನು ಡಾಕ್ಟರರೇ ಒಂದೊಂದಾಗಿ ತೆಗೆದರು. ಮುಂದಿನ ರಜೆಗೆ ಹೋದಾಗ ನಾವು ಅಕ್ಕಪಕ್ಕದ ನಾಲ್ಕು ಮನೆಗೆ ಹೋಗಿ ಉಮ್ಮ ಹಂಚಿದ ಪುಡಿಯ ಬಗ್ಗೆ ವಿಚಾರಿಸಿದೆವು. ಎರಡು ಮನೆಯಲ್ಲಿ ಮುಗಿದಿತ್ತು, ಒಂದು ಮನೆಯಲ್ಲಿ ಮರೆತು ಹುಳು ಹಿಡಿದಿತ್ತು. ನಾಲ್ಕನೆಯ ಮನೆಯ ಹಿರಿಯರೊಬ್ಬರು ಬಿಪಿ ಮಾತ್ರೆಯ ಜೊತೆಗೇ ದಿನಾ ಕುಡಿಯುತ್ತಿದ್ದರು. ಉಳಿದದ್ದನ್ನು ಕೇಳಿ ಇಸಿದುಕೊಂಡು ಬಂದೆವು. "ಕೊಟ್ಟದ್ದನ್ನು ವಾಪಸು ಕೇಳುವ ಉಸ್ತಾದ್" ಎಂದು ಅವರು ಈಗಲೂ ತಮಾಷೆ ಮಾಡುತ್ತಾರೆ. ಬೇರಿನ ಡಬ್ಬಿ ನಮ್ಮ ಅಡುಗೆಮನೆಯಲ್ಲಿ ಇನ್ನೂ ಇದೆ. ಅದರ ಮೇಲೆ ತಂಗಿ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ: ಮುಕ್ಕಳಿಸಲು ಮಾತ್ರ.